ತೋಟದಮ್ಮನ ಅಂಗಡಿ: ಬೀಗವಿಲ್ಲದ ಡಬ್ಬಿ, ಬಾಕಿಯ ಪುಸ್ತಕ

ಮೈಸೂರಿನಿಂದ ಟಿ. ನರಸೀಪುರದ ಕಡೆಗೆ ಹೋಗುವಾಗ ವರುಣಾ ದಾಟಿ ಸ್ವಲ್ಪ ಮುಂದೆ ಎಡಕ್ಕೊಂದು ಮಣ್ಣಿನ ರಸ್ತೆ ಇಳಿಯುತ್ತದೆ. ಅದರಲ್ಲಿ ಐದು ನಿಮಿಷ ನಡೆದರೆ ತೆಂಗಿನ ತೋಟದ ಬೇಲಿಗೆ ಒರಗಿಕೊಂಡಂತೆ ಒಂದು ಚಪ್ಪರ ಸಿಗುತ್ತದೆ. ನಾಲ್ಕು ಗಳು, ಮೇಲೆ ಗರಿ, ಕೆಳಗೆ ಮೂರು ಹಲಗೆ. ಹಲಗೆಯ ಮೇಲೆ ತರಕಾರಿ, ಬಾಳೆಹಣ್ಣು, ನಾಟಿ ಕೋಳಿಯ ಮೊಟ್ಟೆ, ಗಾಜಿನ ಭರಣಿಯ ತುಂಬ ಕಡಲೆ ಮಿಠಾಯಿ. ಪಕ್ಕದಲ್ಲಿ ಪೆನ್ಸಿಲ್, ರಬ್ಬರ್, ಎರಡು ಗೆರೆ ಪುಸ್ತಕ. ಬೋರ್ಡಿಲ್ಲ, ಹೆಸರಿಲ್ಲ. ಗಲ್ಲಾದಲ್ಲಿ ಕೂರುವ ಮನುಷ್ಯರೂ ಇಲ್ಲ. ಊರಿನವರು ಇದನ್ನು ತೋಟದಮ್ಮನ ಅಂಗಡಿ ಎನ್ನುತ್ತಾರೆ. ನನ್ನ ಮಗಳ ಮನೆ ಹತ್ತಿರದ ಹೊಸ ಬಡಾವಣೆಯಲ್ಲಿದೆ. ಹಾಗಾಗಿ ಎರಡು ವರ್ಷದಿಂದ ವಾರಕ್ಕೊಮ್ಮೆಯಾದರೂ ಇಲ್ಲಿಗೆ ಹೋಗುತ್ತಿದ್ದೇನೆ. ತರಕಾರಿ ಅಂಗಡಿಯೊಂದರ ಬಗ್ಗೆ ಇಷ್ಟುದ್ದ ಬರೆಯುವುದೇಕೆ ಎಂದು ಕೇಳುವವರಿಗೆ ಮುಂದೆ ಉತ್ತರವಿದೆ.

ಮೊದಲ ಸಲ ಹೋಗಿದ್ದು ಈರನಗೆರೆ ಬದನೆಕಾಯಿಗಾಗಿ. ಅರ್ಧ ಕೆ.ಜಿ.ಯ ಒಂದು ಪೊಟ್ಟಣ ಎತ್ತಿಕೊಂಡು "ಯಾರಾದರೂ ಇದ್ದೀರಾ?" ಎಂದು ಎರಡು ಸಲ ಕೂಗಿದೆ. ತೋಟದೊಳಗಿನಿಂದ ಪಂಪ್‌ಸೆಟ್ಟಿನ ಸದ್ದು ಬಿಟ್ಟರೆ ಬೇರೇನಿಲ್ಲ. ಶಾಲೆಯಿಂದ ಬರುತ್ತಿದ್ದ ಒಬ್ಬ ಹುಡುಗಿ, ಐದನೆಯ ತರಗತಿಯವಳಿರಬೇಕು, ನಿಂತು ಹೇಳಿದಳು: "ದುಡ್ಡು ಆ ಡಬ್ಬಿಗೆ ಹಾಕಿ ಆಂಟಿ. ಚಿಲ್ಲರೆ ನೀವೇ ತೆಗೆದುಕೊಳ್ಳಿ." ಡಬ್ಬಿ ಎಂದರೆ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಬೀಗವಿಲ್ಲ. ಮುಚ್ಚಳ ತೆಗೆದರೆ ಹತ್ತರ, ಇಪ್ಪತ್ತರ ನೋಟುಗಳು, ನಾಣ್ಯಗಳು. ನನ್ನ ಕೈಯಲ್ಲಿದ್ದದ್ದು ನೂರರ ನೋಟು. ಅದನ್ನು ಒಳಗಿಟ್ಟು ಎಪ್ಪತ್ತು ರೂಪಾಯಿ ಹೊರತೆಗೆಯಬೇಕಿತ್ತು. ಕೊಡುವುದು ಸುಲಭವಾಯಿತು, ತೆಗೆಯುವುದು ಆಗಲಿಲ್ಲ. ಪರರ ಡಬ್ಬಿಯಿಂದ ದುಡ್ಡು ತೆಗೆಯುವಾಗ ನನ್ನ ಕೈ ನಿಜಕ್ಕೂ ಹಿಂಜರಿಯಿತು, ಕತ್ತೆತ್ತಿ ಸುತ್ತ ನೋಡಿದೆ. ನಾಲ್ಕು ಸಲ ಎಣಿಸಿದೆ. ಅಷ್ಟು ಎಚ್ಚರದಿಂದ ನಾನು ಯಾವ ಅಂಗಡಿಯಲ್ಲೂ ಚಿಲ್ಲರೆ ಎಣಿಸಿಕೊಂಡಿರಲಿಲ್ಲ. ಅಲ್ಲೆಲ್ಲ ನನಗೆ ಕಡಿಮೆ ಬಂದೀತೆಂದು ಎಣಿಸುತ್ತಿದ್ದೆ, ಇಲ್ಲಿ ಹೆಚ್ಚು ಬಂದೀತೆಂದು ಎಣಿಸಿದೆ.

ಬಿ.ಎಡ್. ಕಾಲೇಜಿನಲ್ಲಿ 27 ವರ್ಷ ಶೈಕ್ಷಣಿಕ ಮನೋವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಮಕ್ಕಳಲ್ಲಿ ಒಳಿತು ಕೆಡುಕುಗಳ ತಿಳಿವಳಿಕೆ ಹೇಗೆ ಬೆಳೆಯುತ್ತದೆ ಎಂಬುದು ಪ್ರತಿ ವರ್ಷದ ಪಾಠ. ಕಪ್ಪುಹಲಗೆಯ ಮೇಲೆ ಮೆಟ್ಟಿಲು ಬರೆದು, ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್ಬರ್ಗ್ ಹೇಳಿದ ಆರು ಹಂತಗಳನ್ನು ಒಂದೊಂದು ಮೆಟ್ಟಿಲಿಗೆ ಒಂದರಂತೆ ತುಂಬುತ್ತಿದ್ದೆ. ಅಷ್ಟು ವರ್ಷ ಹೇಳಿಕೊಟ್ಟದ್ದರಲ್ಲಿ ಒಂದು ದೊಡ್ಡ ತುಂಡೇ ಬಿಟ್ಟುಹೋಗಿತ್ತು ಎಂಬುದು ನನಗೆ ಗೊತ್ತಾದದ್ದು ಈ ಚಪ್ಪರದ ಕೆಳಗೆ.

ಮೊದಲು ಸಾಮಾನಿನ ವಿಷಯ ಹೇಳಿಬಿಡುತ್ತೇನೆ. ಬದನೆ ಎಳೆಯದಾಗಿರುತ್ತದೆ, ಎಣ್ಣೆಗಾಯಿಗೆ ಬೇಗ ಬೇಯುತ್ತದೆ, ಕಹಿ ಬಂದದ್ದು ನೆನಪಿಲ್ಲ. ನುಗ್ಗೆಕಾಯಿ, ನಿಂಬೆಹಣ್ಣು, ಕರಿಬೇವು ಯಾವಾಗಲೂ ಇರುತ್ತವೆ. ಸೊಪ್ಪು ಬೆಳಗ್ಗೆ ಒಂಬತ್ತರೊಳಗೆ ಹೋದವರಿಗೆ ಮಾತ್ರ, ಆಮೇಲೆ ಬಾಡಿರುತ್ತದೆ. ಪುಟ್ಟಬಾಳೆ ಸದಾ ಸಿಗುತ್ತದೆ. ರಸಬಾಳೆ ಬಂದ ದಿನ ನಿಮ್ಮ ಅದೃಷ್ಟ. ಸಿಪ್ಪೆ ತೆಳ್ಳಗೆ, ಮುಟ್ಟಿದರೆ ಪರಿಮಳ ಕೈಗೆ ಹತ್ತುತ್ತದೆ, ಪೇಟೆಯಲ್ಲಿ ಆ ಹೆಸರಿನಲ್ಲಿ ಮಾರುವ ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಮೊಟ್ಟೆಯನ್ನು ನೀರಿಗೆ ಹಾಕಿ ನೋಡಿದ್ದೇನೆ, ಒಂದೂ ತೇಲಲಿಲ್ಲ. ಬೆಲೆ ಮೈಸೂರಿನ ಮಾರುಕಟ್ಟೆಗಿಂತ ತುಸು ಕಡಿಮೆ. ಎಲ್ಲವನ್ನೂ ಮೊದಲೇ ತೂಗಿ ಪೊಟ್ಟಣ ಕಟ್ಟಿಟ್ಟಿರುವುದರಿಂದ ತಕ್ಕಡಿಯ ಗೋಜಿಲ್ಲ. ಮನೆಯಲ್ಲಿ ಎರಡು ಸಲ ತೂಗಿ ನೋಡಿದೆ, ಎರಡು ಸಲವೂ ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ಮೊಬೈಲಿನಿಂದ ಕಟ್ಟುವವರಿಗೆ ಕ್ಯೂಆರ್ ಕೋಡಿನ ಒಂದು ಹಾಳೆಯೂ ಇದೆ.

ಆದರೆ ಈ ಅಂಗಡಿಯಲ್ಲಿ ನಾನು ಕಂಡ ಅತ್ಯುತ್ತಮ ವಸ್ತು ಮಾರಾಟಕ್ಕಿಲ್ಲ. ಅದು ಗಳಕ್ಕೆ ನೂಲಿನಿಂದ ಕಟ್ಟಿದ ಒಂದು ನೋಟ್ ಪುಸ್ತಕ. ಜೊತೆಗೊಂದು ಪೆನ್ಸಿಲ್. ದುಡ್ಡಿಲ್ಲದವರು ತೆಗೆದುಕೊಂಡ ಸಾಮಾನನ್ನು ಅದರಲ್ಲಿ ಬರೆದು ಹೋಗುತ್ತಾರೆ. ದುಡ್ಡು ಹಾಕಿದ ದಿನ ತಾವೇ ಬಂದು ಆ ಸಾಲಿನ ಮೇಲೆ ಗೀಟು ಎಳೆಯುತ್ತಾರೆ. ಹೆಸರು ಬರೆಯಲೇಬೇಕೆಂದಿಲ್ಲ. ಕೆಲವು ಸಾಲುಗಳನ್ನು ಹಾಗೆಯೇ ಕೊಡುತ್ತೇನೆ: "4 ಮೊಟ್ಟೆ. ಅಪ್ಪನಿಗೆ ಹುಷಾರಿಲ್ಲ. ಸಂಬಳ ಆದ ಮೇಲೆ." "ಒಂದು ರಬ್ಬರ್. ನಾಳೆ." "ನಿಂಬೆಹಣ್ಣು 3, ಪಕ್ಕದ ಮನೆಯ ಮಗುವಿಗೆ ಜ್ವರ ಎಂದು ಒಯ್ದೆ." "ಹೋದ ತಿಂಗಳು ಒಂದು ಬಾಳೆಹಣ್ಣು ತಿಂದು ಬರೆದಿರಲಿಲ್ಲ. ಈಗ ಹಾಕಿದ್ದೇನೆ." ಕೊನೆಯ ಸಾಲಿನ ಅಕ್ಷರ ದುಂಡಗೆ, ದೊಡ್ಡದಾಗಿದೆ. ಬರೆಯುವಾಗ ಪೆನ್ಸಿಲನ್ನು ಒತ್ತಿದ ಗುರುತು ಹಿಂದಿನ ಪುಟಕ್ಕೂ ಮೂಡಿದೆ. ಅದರ ಮೇಲೆ ಎರಡು ಗೀಟು ಎಳೆದಿದ್ದಾರೆ. ಬರೆದದ್ದಕ್ಕೊಂದು, ಬರೆಯದೇ ಉಳಿದಿದ್ದಕ್ಕೊಂದು ಇರಬಹುದೆಂದು ನಾನು ಅಂದುಕೊಂಡಿದ್ದೇನೆ.

ಈ ಪುಸ್ತಕ ನೋಡುತ್ತಿದ್ದಾಗ ನನಗೆ ನೆನಪಾದದ್ದು ಮನೋವಿಜ್ಞಾನದಲ್ಲೇ ಅತ್ಯಂತ ಹೆಸರಾದ ಇನ್ನೊಂದು ಅಂಗಡಿ. ಕೋಲ್ಬರ್ಗ್ 1958ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ತನ್ನ ಸಂಶೋಧನೆಗಾಗಿ 10, 13 ಮತ್ತು 16 ವರ್ಷದ ಹುಡುಗರಿಗೆ ಕಥೆಗಳನ್ನು ಹೇಳಿ ಪ್ರಶ್ನೆ ಕೇಳಿದ. ಅದರಲ್ಲಿ ಪ್ರಸಿದ್ಧವಾದದ್ದು ಹೈಂಜ್ ಎಂಬವನ ಕಥೆ. ಹೆಂಡತಿಗೆ ಕ್ಯಾನ್ಸರ್. ಊರಿನ ಔಷಧಿ ಅಂಗಡಿಯವನ ಹತ್ತಿರ ಮಾತ್ರ ಮದ್ದಿದೆ. ಅವನಿಗೆ ಬಿದ್ದ ಖರ್ಚು 200 ಡಾಲರ್, ಕೇಳುವುದು 2,000. ಹೈಂಜ್ ಊರೆಲ್ಲ ಸುತ್ತಿ 1,000 ಒಟ್ಟು ಮಾಡುತ್ತಾನೆ, ಕಡಿಮೆಗೆ ಕೊಡು ಇಲ್ಲವೇ ಉಳಿದದ್ದನ್ನು ಆಮೇಲೆ ಕೊಡುತ್ತೇನೆ ಎಂದು ಬೇಡುತ್ತಾನೆ. ಅಂಗಡಿಯವನು ಒಪ್ಪುವುದಿಲ್ಲ. ಹೈಂಜ್ ಅಂಗಡಿ ಒಡೆದು ಮದ್ದು ಕದಿಯುತ್ತಾನೆ. ಕದ್ದದ್ದು ಸರಿಯೇ, ಏಕೆ? ಉತ್ತರ ಹೌದೋ ಅಲ್ಲವೋ ಎಂಬುದು ಕೋಲ್ಬರ್ಗನಿಗೆ ಮುಖ್ಯವಾಗಿರಲಿಲ್ಲ, ಕೊಡುವ ಕಾರಣ ಮುಖ್ಯ. ಜೈಲಿಗೆ ಹಾಕುತ್ತಾರೆ ಎನ್ನುವವನು ಕೆಳಗಿನ ಮೆಟ್ಟಿಲು, ಜೀವ ಆಸ್ತಿಗಿಂತ ದೊಡ್ಡದು ಎಂದು ತತ್ತ್ವ ಹೇಳುವವನು ಮೇಲಿನ ಮೆಟ್ಟಿಲು.

27 ವರ್ಷ ನಾನು ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದೆ. ಪ್ರತಿ ಸಲವೂ ಕಣ್ಣು ಹೈಂಜನ ಮೇಲೆ. ಅಂಗಡಿಯವನು ಬಾಕಿ ಬರೆದುಕೊಂಡಿದ್ದರೆ ಕಥೆಯೇ ಇರುತ್ತಿರಲಿಲ್ಲ ಎಂದು ನಾನೂ ಹೇಳಲಿಲ್ಲ, ಒಬ್ಬ ವಿದ್ಯಾರ್ಥಿಯೂ ಹೇಳಲಿಲ್ಲ. ಹೇಳಿದವಳು ಒಬ್ಬಳಿದ್ದಾಳೆ. ಕೋಲ್ಬರ್ಗನ ಜೊತೆ ಕೆಲಸ ಮಾಡಿ ಆಮೇಲೆ ಅವನನ್ನು ಪ್ರಶ್ನಿಸಿದ ಕ್ಯಾರೊಲ್ ಗಿಲಿಗನ್ 1982ರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಯ ಉತ್ತರವನ್ನು ಜಗತ್ತಿನ ಮುಂದಿಟ್ಟರು. ಕದಿಯುವುದೂ ಬೇಡ, ಹೆಂಡತಿ ಸಾಯುವುದೂ ಬೇಡ, ಸಾಲ ಮಾಡಬಹುದು, ಕೂತು ಮಾತಾಡಬಹುದು ಎಂಬುದು ಆ ಮಗುವಿನ ಮಾತಿನ ಸಾರ. ಕೋಲ್ಬರ್ಗನ ಅಳತೆಯಲ್ಲಿ ಅವಳಿಗೆ ಅದೇ ವಯಸ್ಸಿನ ಹುಡುಗನಿಗಿಂತ ಕಡಿಮೆ ಅಂಕ ಬಂತು. ಹುಡುಗ ಜೀವ ಮತ್ತು ಆಸ್ತಿಗಳನ್ನು ಲೆಕ್ಕದಂತೆ ತೂಗಿದ್ದ. ಹುಡುಗಿ ಅಂಗಡಿಯವನನ್ನೂ ಮನುಷ್ಯನೆಂದು ಎಣಿಸಿದ್ದಳು. ಈ ಭಾಗವನ್ನು ನಾನು ಪಾಠದಲ್ಲಿ 'ಟೀಕೆಗಳು' ಎಂಬ ತಲೆಬರಹದ ಕೆಳಗೆ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಅದಕ್ಕಾಗಿ ಈಗ ನನಗೆ ನಿಜವಾಗಿ ನೋವಾಗುತ್ತದೆ.

ತೋಟದಮ್ಮನಿಗೆ ಎಪ್ಪತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಅಂಗಡಿಯಲ್ಲಿ ಕೂತರೆ ತೋಟ ಕೆಡುತ್ತದೆ, ಆಳನ್ನು ಕೂರಿಸಿದರೆ ಲಾಭ ಉಳಿಯುವುದಿಲ್ಲ ಎಂಬ ಲೆಕ್ಕದಿಂದಲೇ ಇದು ಶುರುವಾದದ್ದು. ಸಮಾಜ ಸುಧಾರಣೆಯ ಮಾತನ್ನು ಅವರು ಆಡುವುದಿಲ್ಲ. "ಕದ್ದರೆ ಏನು ಮಾಡುತ್ತೀರಿ ಅಮ್ಮ?" ಎಂದು ಕೇಳಿದಾಗ ಕಳೆ ಕೀಳುವುದನ್ನು ನಿಲ್ಲಿಸದೆ ಹೇಳಿದರು: "ಕದಿಯುತ್ತಾರೆ ಟೀಚರಮ್ಮ. ವಾರಕ್ಕೆ ಇಷ್ಟು ಎಂದು ಹೋಗುತ್ತದೆ. ಕೋತಿಯೂ ಒಯ್ಯುತ್ತದೆ. ಒಯ್ದವರು ವಾಪಸ್ಸು ಬರುವ ದಾರಿ ಮುಚ್ಚಬಾರದು, ಅಷ್ಟೇ."

ಆರಂಭದಲ್ಲಿ ಪಕ್ಕದ ಜಮೀನಿನವರು ಬಂದು ಡಬ್ಬಿಯ ಮೇಲೆ ಧರ್ಮಸ್ಥಳದ ಮಂಜುನಾಥನ ಫೋಟೋ ತೂಗುಹಾಕಿದ್ದರಂತೆ. ಗೋಡೆ ಗಲೀಜಾಗದಿರಲಿ ಎಂದು ದೇವರ ಹೆಂಚು ಅಂಟಿಸುವ ನಮ್ಮ ಊರುಗಳಲ್ಲಿ ಇದು ಹೊಸದೇನಲ್ಲ. ಕೊರತೆ ಕಡಿಮೆಯಾದದ್ದೂ ಹೌದಂತೆ. ಇದಕ್ಕೆ ವಿಜ್ಞಾನದ ಸಾಕ್ಷಿಯೂ ಉಂಟು. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಸಿಬ್ಬಂದಿ ಚಹಾ, ಕಾಫಿ ಕುಡಿದು ತಾವೇ ಪೆಟ್ಟಿಗೆಗೆ ದುಡ್ಡು ಹಾಕುವ ಏರ್ಪಾಡಿತ್ತು. ಬೆಲೆಪಟ್ಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಇನ್ನೊಂದು ವಾರ ದಿಟ್ಟಿಸುವ ಕಣ್ಣುಗಳ ಚಿತ್ರ ಹಾಕಿ ಹತ್ತು ವಾರ ಲೆಕ್ಕವಿಟ್ಟರು. ಕಣ್ಣುಗಳಿದ್ದ ವಾರಗಳಲ್ಲಿ ಸುಮಾರು ಮೂರು ಪಟ್ಟು ದುಡ್ಡು ಬಿತ್ತು. 2006ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆಯೂ ಇದೇ ಫಲ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

ತೋಟದಮ್ಮ ಒಂದು ತಿಂಗಳಿಗೇ ಫೋಟೋವನ್ನು ಮನೆಯ ದೇವರ ಕೋಣೆಗೆ ಒಯ್ದರು. "ಸ್ವಾಮಿಗೆ ಕಾವಲು ಕೆಲಸ ಕೊಡಬಾರದು. ಮಕ್ಕಳು ಫೋಟೋ ನೋಡಿ ಹೆದರಿ ದುಡ್ಡು ಹಾಕುತ್ತಿದ್ದರು. ಬದನೆಕಾಯಿ ನೋಡಿ, ಇದನ್ನು ಬೆಳೆದವಳು ಒಬ್ಬಳಿದ್ದಾಳೆ ಎಂದು ನೆನೆದು ಹಾಕಬೇಕು" ಎಂದರು. ಈ ಮಾತನ್ನು ನಾನು ಬಸ್ಸಿನಲ್ಲಿ ಬರುವಾಗ ಚೀಟಿಯ ಮೇಲೆ ಬರೆದಿಟ್ಟುಕೊಂಡೆ.

ನಾನೇ ಮಾಡಿದ ಒಂದು ತಪ್ಪು ಇಲ್ಲಿ ಹೇಳಬೇಕು. ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಗಳು ಪಾಠ ಮಾಡಲು ಹೋಗುತ್ತಿದ್ದ ಒಂದು ಶಾಲೆಯಲ್ಲಿ, ಮೌಲ್ಯ ಶಿಕ್ಷಣದ ಅಂಗವಾಗಿ, ಸಿಕ್ಕಿದ ವಸ್ತುವನ್ನು ತಂದೊಪ್ಪಿಸುವ ಮಕ್ಕಳಿಗೆ 'ಪ್ರಾಮಾಣಿಕ ವಿದ್ಯಾರ್ಥಿ' ಎಂಬ ಬ್ಯಾಡ್ಜ್ ಕೊಡುವ ಯೋಜನೆ ಹಾಕಿದೆ. ಮೊದಲ ವಾರ ಎರಡು ಪೆನ್ಸಿಲ್ ಬಂದವು. ಮೂರನೆಯ ವಾರಕ್ಕೆ ದಿನಕ್ಕೆ ಹತ್ತು ಹನ್ನೆರಡು. ಒಬ್ಬ ಹುಡುಗ ತನ್ನದೇ ಜಾಮಿಟ್ರಿ ಬಾಕ್ಸಿನ ಕೈವಾರವನ್ನು ಸಿಕ್ಕಿತೆಂದು ತಂದುಕೊಟ್ಟ. ಇನ್ನೊಬ್ಬಳು ಪಕ್ಕದವಳ ಚೀಲದಿಂದ ರಬ್ಬರ್ ತೆಗೆದು ತಂದಳು. ಪ್ರಾಮಾಣಿಕತೆಗೆ ಬಹುಮಾನ ಇಟ್ಟು ಮಕ್ಕಳಿಗೆ ಸುಳ್ಳು ಕಲಿಸಿದೆ. 1973ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದ ಅಧ್ಯಯನ ನನಗೆ ಗೊತ್ತಿತ್ತು: ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಆಸೆ ತೋರಿಸಿದ ಮಕ್ಕಳು, ಆಮೇಲೆ ಬಹುಮಾನವಿಲ್ಲದಾಗ ಬಣ್ಣದ ಪೆನ್ನುಗಳನ್ನು ಮುಟ್ಟುವುದೇ ಅರ್ಧಕ್ಕಿಳಿಯಿತು. ಗೊತ್ತಿದ್ದರೂ ಬ್ಯಾಡ್ಜ್ ಮಾಡಿಸಿದೆ. ತೋಟದಮ್ಮನ ಚಪ್ಪರದಲ್ಲಿ ಬಹುಮಾನವೂ ಇಲ್ಲ, ದಂಡವೂ ಇಲ್ಲ. ದುಡ್ಡು ಹಾಕಿದವರಿಗೆ ಧನ್ಯವಾದ ಎಂಬ ಚೀಟಿಯೂ ಇಲ್ಲ.

ಈಗ ನನ್ನ ಮೊಮ್ಮಗನ ವಿಷಯ. ಅವನಿಗೆ ಆಗ ಆರು ವರ್ಷ. ಒಂದು ಸಂಜೆ ನಾವು ಹೋದಾಗ ಏಳನೆಯ ತರಗತಿಯ ಒಬ್ಬ ಹುಡುಗ ತೋಟದಮ್ಮನಿಗೆ ಸಹಾಯ ಮಾಡಲೆಂದು ಮೊಟ್ಟೆಯ ತಟ್ಟೆಯನ್ನು ಎತ್ತಿ ಹಲಗೆಗೆ ಇಡುತ್ತಿದ್ದ. ಹಲಗೆ ವಾಲಿ, ತಟ್ಟೆ ಜಾರಿ, ಹನ್ನೆರಡು ಮೊಟ್ಟೆ ನೆಲದ ಪಾಲಾದವು. ಎಲ್ಲರೂ ಆ ಗಡಿಬಿಡಿಯಲ್ಲಿದ್ದಾಗ ಮೊಮ್ಮಗ ಭರಣಿಯಿಂದ ಒಂದು ಕಡಲೆ ಮಿಠಾಯಿ ತೆಗೆದು ಬಾಯಿಗೆ ಹಾಕಿಕೊಂಡಿದ್ದ. ದಾರಿಯಲ್ಲಿ ಅವನ ಬಾಯಿ ಆಡುತ್ತಿರುವುದು ನೋಡಿ ಕೇಳಿದೆ. ಸುಳ್ಳು ಹೇಳಲಿಲ್ಲ. ಆದರೆ ತನ್ನ ವಾದ ಮುಂದಿಟ್ಟ: "ಆ ಅಣ್ಣ ಹನ್ನೆರಡು ಮೊಟ್ಟೆ ಒಡೆದ. ನಾನು ಒಂದೇ ಒಂದು ಮಿಠಾಯಿ ತೆಗೆದುಕೊಂಡೆ. ಅವನದ್ದೇ ದೊಡ್ಡ ತಪ್ಪು ಅಜ್ಜಿ."

ಅವನ ಮಾತು ಕೇಳಿ ಸಿಟ್ಟು ಬರುವ ಬದಲು ನನ್ನ ಮೈ ಜುಮ್ಮೆಂದಿತು. ಮನೋವಿಜ್ಞಾನಿ ಜೀನ್ ಪಿಯಾಜೆ ಸ್ವಿಟ್ಜರ್ಲೆಂಡಿನ ಮಕ್ಕಳ ಮುಂದಿಟ್ಟ ಕಥೆಯೇ ಇದು. 1932ರಲ್ಲಿ ಅವನು ಪ್ರಕಟಿಸಿದ ಕೆಲಸದಲ್ಲಿ, ಬಾಗಿಲ ಹಿಂದೆ ಕಪ್‌ಗಳಿರುವುದು ಗೊತ್ತಿಲ್ಲದೆ ಬಾಗಿಲು ತಳ್ಳಿ 15 ಕಪ್ ಒಡೆದ ಹುಡುಗನೊಬ್ಬ, ಅಮ್ಮ ಇಲ್ಲದಾಗ ಜಾಮ್ ಕದಿಯಲು ಹೋಗಿ ಒಂದೇ ಕಪ್ ಒಡೆದ ಹುಡುಗನೊಬ್ಬ. ಯಾರ ತಪ್ಪು ದೊಡ್ಡದು? ಚಿಕ್ಕ ಮಕ್ಕಳು ನಷ್ಟವನ್ನು ಎಣಿಸಿ ಮೊದಲನೆಯವನೆಂದರು, ದೊಡ್ಡ ಮಕ್ಕಳು ಉದ್ದೇಶವನ್ನು ನೋಡಿ ಎರಡನೆಯವನೆಂದರು. ಬೆಳೆಯುವ ಮನಸ್ಸು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಸೇತುವೆ ಅದು. ನನ್ನ ಮೊಮ್ಮಗ ಈ ದಡದಲ್ಲಿ ನಿಂತು, ಬಾಯಲ್ಲಿ ಮಿಠಾಯಿ ಇಟ್ಟುಕೊಂಡು, ಹನ್ನೆರಡು ಮತ್ತು ಒಂದನ್ನು ತೂಗುತ್ತಿದ್ದ.

ಮರುದಿನ ಅವನನ್ನು ಕರೆದುಕೊಂಡು ಹೋದೆ. ಬೈದು ಕ್ಷಮೆ ಕೇಳಿಸಬೇಕೆಂದು ನನ್ನ ಮನಸ್ಸಿನಲ್ಲಿತ್ತು. ತೋಟದಮ್ಮ ನನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವನ ಎತ್ತರಕ್ಕೆ ಬಂದರು. "ಮಿಠಾಯಿ ಚೆನ್ನಾಗಿತ್ತೇನಪ್ಪ?" ಎಂದರು. ಅವನು ತಲೆಯಾಡಿಸಿದ. "ಅದನ್ನು ನಾನು ಮಾಡುವುದಿಲ್ಲ ಮರಿ. ಆ ಹುಣಸೆಮರದ ಹತ್ತಿರದ ಮನೆಯ ಅಕ್ಕ ಬೆಲ್ಲ ಕಾಯಿಸಿ ಮಾಡುತ್ತಾಳೆ. ಒಂದಕ್ಕೆ ನಾಲ್ಕು ರೂಪಾಯಿಯಂತೆ ಶನಿವಾರ ನನ್ನ ಹತ್ತಿರ ಎಣಿಸಿಕೊಳ್ಳುತ್ತಾಳೆ. ನಿನ್ನೆಯದ್ದು ಒಂದು ಲೆಕ್ಕಕ್ಕೆ ಸಿಗುವುದಿಲ್ಲ. ಅವಳಿಗೆ ಏನು ಹೇಳೋಣ?" ಅವನು ಬಹಳ ಹೊತ್ತು ಹುಣಸೆಮರದ ಕಡೆ ನೋಡಿದ. ಆಮೇಲೆ ಪುಸ್ತಕದ ಹತ್ತಿರ ಹೋಗಿ, ಆಗಷ್ಟೇ ಕಲಿತಿದ್ದ ಅಕ್ಷರದಲ್ಲಿ 'ಮಿಟಾಯಿ 1' ಎಂದು ಬರೆದ. ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುವ ಮನಸ್ಸು ನನಗೆ ಬರಲಿಲ್ಲ. ನನ್ನ ಪರ್ಸಿನಿಂದ ಐದು ರೂಪಾಯಿ ಕೊಡಹೋದೆ. ಅವನು ಬೇಡವೆಂದ. ಮನೆಯ ಹುಂಡಿಯಿಂದ ತರುತ್ತೇನೆ ಎಂದ. ಮೂರನೆಯ ದಿನ ತಂದು ಹಾಕಿ ಗೀಟು ಎಳೆದ.

ಮಕ್ಕಳನ್ನು ತಿದ್ದುವ ಬಗೆಗಳನ್ನು ಮಾರ್ಟಿನ್ ಹಾಫ್‌ಮನ್ ಎಂಬ ಮನೋವಿಜ್ಞಾನಿ ಮೂರಾಗಿ ವಿಂಗಡಿಸಿದ್ದಾನೆ. ಹೊಡೆದು ಬಡಿದು ಹೆದರಿಸುವುದು ಒಂದು. ನಿನ್ನನ್ನು ಮಾತಾಡಿಸುವುದಿಲ್ಲ ಎಂದು ಪ್ರೀತಿಯನ್ನು ಹಿಂತೆಗೆಯುವುದು ಇನ್ನೊಂದು. ನೀನು ಮಾಡಿದ್ದರಿಂದ ಇನ್ನೊಬ್ಬರಿಗೆ ಏನಾಯಿತು ನೋಡು ಎಂದು ಮನಗಾಣಿಸುವುದು ಮೂರನೆಯದು. ಒಳಗಿನಿಂದ ಬೆಳೆಯುವ ನೀತಿಗೆ ಮೂರನೆಯದೇ ಹೆಚ್ಚು ಒದಗುತ್ತದೆ ಎಂಬುದು ಅವನ ತೀರ್ಮಾನ. ಪರೀಕ್ಷೆಗೆ ಬರುವ ಪ್ರಶ್ನೆ ಎಂದು ನಾನು ಇದನ್ನು ಬರೆಸುತ್ತಿದ್ದೆ. ಆ ಹೆಸರನ್ನೇ ಕೇಳದ ತೋಟದಮ್ಮ ಹುಣಸೆಮರದ ಕಡೆ ಬೆರಳು ತೋರಿಸಿ ಅರ್ಧ ನಿಮಿಷದಲ್ಲಿ ಮಾಡಿದರು.

ನಮ್ಮಲ್ಲಿ ಒಂದು ಗಾದೆಯಿದೆ: ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಎಚ್ಚರಿಕೆಗೆ ಸರಿ. ಆದರೆ ಮಗುವಿಗೆ ಇದನ್ನೇ ಹೇಳಿ ಹೇಳಿ ಬೆಳೆಸಿದರೆ ಒಂದು ಅಡಿಕೆ ಕದ್ದ ದಿನವೇ ಅದು ತಾನು ಕಳ್ಳನೆಂದು ತೀರ್ಮಾನಿಸಿಕೊಳ್ಳುತ್ತದೆ, ಇಲ್ಲವೇ ಸುಳ್ಳಿನ ಗೋಡೆ ಕಟ್ಟಿಕೊಳ್ಳುತ್ತದೆ. ಅಡಿಕೆಗೆ ಹೋದದ್ದು ಅಡಿಕೆಯಿಂದಲೇ ವಾಪಸ್ಸು ಬರುವ ಒಂದು ಜಾಗ ಬೇಕು. ನಾನು ಕಂಡ ಮಟ್ಟಿಗೆ ಅಂಥ ಜಾಗ ಈ ಪುಸ್ತಕ.

ಇಲ್ಲಿ ಮೈಸೂರಿನವರಿಗೇ ಸಂಬಂಧಿಸಿದ ಇನ್ನೊಂದು ಮಾತು ಹೇಳದಿರಲಾರೆ. ಜೋನ್ ಮಿಲ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿ ತನ್ನ ಸಂಗಾತಿಗಳೊಡನೆ ನಮ್ಮ ಮೈಸೂರಿನ ಮಕ್ಕಳಿಗೂ ದೊಡ್ಡವರಿಗೂ, ಅಮೆರಿಕದ ನ್ಯೂ ಹೇವನ್ ಊರಿನವರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿದರು. 1990 ಮತ್ತು 1992ರಲ್ಲಿ ಪ್ರಕಟವಾದ ಆ ಅಧ್ಯಯನಗಳಲ್ಲಿ ಒಂದು ಕಥೆ ಹೀಗಿದೆ: ಗೆಳೆಯನ ಮದುವೆಗೆ ಉಂಗುರ ತಲುಪಿಸಬೇಕಾದವನ ದುಡ್ಡು ಕಳುವಾಗಿದೆ, ರೈಲು ಹೊರಡುವ ಹೊತ್ತು, ಯಾರದ್ದೋ ಕೋಟಿನ ಜೇಬಿನಲ್ಲಿ ಟಿಕೆಟ್ ಕಾಣುತ್ತಿದೆ. ನ್ಯೂ ಹೇವನ್‌ನಲ್ಲಿ ಹೆಚ್ಚಿನವರು ಟಿಕೆಟ್ ಮುಟ್ಟಬಾರದು ಎಂದರು. ಮೈಸೂರಿನಲ್ಲಿ ಗೆಳೆಯನ ಮದುವೆ ತಪ್ಪಬಾರದು ಎಂದವರೇ ಹೆಚ್ಚು. ಇನ್ನೊಬ್ಬರ ಸಣ್ಣಪುಟ್ಟ ಕಷ್ಟಕ್ಕೆ ಒದಗುವುದು ಅಮೆರಿಕದವರಿಗೆ ಅವರವರ ಇಷ್ಟ. ಮೈಸೂರಿನವರಿಗೆ ಅದು ಕರ್ತವ್ಯ. ನಮ್ಮವರು ಕೆಳಗಿನ ಮೆಟ್ಟಿಲಿನವರೆಂದು ಇದರ ಅರ್ಥವಲ್ಲ, ಮೆಟ್ಟಿಲೇ ಬೇರೆ ಎಂದು ಮಿಲ್ಲರ್ ತೋರಿಸಿದರು. "ಪಕ್ಕದ ಮನೆಯ ಮಗುವಿಗೆ ಜ್ವರ" ಎಂದು ಬರೆದು ನಿಂಬೆಹಣ್ಣು ಒಯ್ದವರು ಯಾರೋ ನನಗೆ ತಿಳಿಯದು. ಈ ಅಂಗಡಿಯಲ್ಲಿ ಅವರು ಕರ್ತವ್ಯ ಮತ್ತು ಕಳ್ಳತನದ ನಡುವೆ ಒಂದನ್ನು ಆರಿಸಬೇಕಾಗಿ ಬರಲಿಲ್ಲ. ಎರಡು ಸಾಲು ಬರೆದರೆ ಸಾಕಾಯಿತು.

ಶನಿವಾರ ಮಧ್ಯಾಹ್ನ ಶಾಲೆಯ ಇಬ್ಬರು ಮಕ್ಕಳು ಡಬ್ಬಿ ಎಣಿಸುತ್ತಾರೆ. ವಾರ ವಾರ ಇಬ್ಬರು ಬದಲಾಗುತ್ತಾರೆ. ಹೋದ ಸಾಮಾನು, ಬಂದ ದುಡ್ಡು, ಪುಸ್ತಕದ ಬಾಕಿ ಲೆಕ್ಕ ಹಾಕಿ ಸ್ಲೇಟಿನ ಮೇಲೆ ಬರೆಯುತ್ತಾರೆ: "ಈ ವಾರ ಕೊರತೆ 35 ರೂ." ಯಾರ ಹೆಸರೂ ಇಲ್ಲ. ಒಮ್ಮೆ ಕೊರತೆ 140ಕ್ಕೆ ಹೋದಾಗ ಎಣಿಸಿದ ಹುಡುಗಿ ಅಳುಮುಖ ಮಾಡಿದ್ದನ್ನು ನಾನೇ ನೋಡಿದ್ದೇನೆ. ಅವಳ ಮನೆಯ ದುಡ್ಡು ಹೋದಂತೆ ಇತ್ತು. ಕೋಲ್ಬರ್ಗ್ ಕೂಡ ಆಮೇಲಾಮೇಲೆ ಇಂಥದ್ದರ ಕಡೆಗೆ ಹೊರಳಿದ. 1974ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಶುರುವಾದ ಕ್ಲಸ್ಟರ್ ಶಾಲೆಯಲ್ಲಿ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಒಬ್ಬರಿಗೊಂದೇ ಮತ. ಅಲ್ಲಿ ಒಬ್ಬ ಹುಡುಗಿಯ ಪರ್ಸಿನಿಂದ ಒಂಬತ್ತು ಡಾಲರ್ ಕಳುವಾದಾಗ, ಇದು ನಮ್ಮೆಲ್ಲರ ಶಾಲೆ, ಆದ್ದರಿಂದ ಇದು ನಮ್ಮೆಲ್ಲರ ನಷ್ಟ ಎಂದು ತಲೆಗೆ 15 ಸೆಂಟ್ ಹಾಕಿ ತುಂಬಿಕೊಟ್ಟರು. ಕದಿಯಬಾರದೆಂಬ ನಿಯಮ ಮೊದಲೂ ಇತ್ತು. ಅದು ತಮ್ಮದೆನಿಸಿದ್ದು ಆ ಹದಿನೈದು ಸೆಂಟಿನಿಂದ.

ಈ ಅಂಗಡಿಯಿಂದ ಊರಿನ ಮಕ್ಕಳೆಲ್ಲ ಸತ್ಯಹರಿಶ್ಚಂದ್ರರಾದರು ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಪೈಸೆ ಪೈಸೆ ಹಾಕುವ ಹುಡುಗನೇ ಕಿರುಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡುತ್ತಾನೆ ಎಂದು ಅವರ ಶಿಕ್ಷಕಿ ಹೇಳಿದರು. 1928ರಿಂದ 1930ರವರೆಗೆ ಪ್ರಕಟವಾದ ಹಾರ್ಟ್‌ಶಾರ್ನ್ ಮತ್ತು ಮೇ ಅವರ ಸಂಶೋಧನೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ ಇದನ್ನೇ ಕಂಡಿತ್ತು: ಒಂದು ಕಡೆ ಪ್ರಾಮಾಣಿಕನಾದ ಮಗು ಇನ್ನೊಂದು ಕಡೆಯೂ ಹಾಗೆಯೇ ಇರುತ್ತದೆ ಎನ್ನಲಾಗದು, ನೀತಿಯ ಪಾಠ ಹೆಚ್ಚು ಕೇಳಿದ್ದರಿಂದ ನಡತೆ ಹೆಚ್ಚು ನೆಟ್ಟಗಾಗಲಿಲ್ಲ. ಹಾಗಾದರೆ ಇಂಥ ಜಾಗಗಳು ಒಂದಲ್ಲ, ಹತ್ತು ಬೇಕು ಎಂದು ನಾನು ಓದಿಕೊಳ್ಳುತ್ತೇನೆ. ಈಜು ಕಲಿಯುವವನು ಕೆರೆಯಲ್ಲೂ ಹೊಳೆಯಲ್ಲೂ ಬೇರೆ ಬೇರೆಯಾಗಿ ನೀರು ಕುಡಿದೇ ಕಲಿಯುತ್ತಾನೆ.

ಕೊರತೆಗಳಿವೆ. ಮಳೆ ಬಂದರೆ ಸ್ಲೇಟಿನ ಬೆಲೆ ಅಳಿಸಿಹೋಗುತ್ತದೆ, ಆಗ ಹಳೆಯ ಬೆಲೆಯನ್ನು ನೆನಪಿನಿಂದ ಕೊಡಬೇಕು. ಕ್ಯೂಆರ್ ಕೋಡಿನ ಹಾಳೆ ಬಿಸಿಲಿಗೆ ಮಾಸಿದೆ, ಮೂರು ಸಲ ಹಿಡಿದರೆ ಒಮ್ಮೆ ಓದುತ್ತದೆ. ಸಂಜೆ ಐದರ ಮೇಲೆ ಡಬ್ಬಿಯಲ್ಲಿ ಐದು, ಎರಡರ ನಾಣ್ಯ ಉಳಿದಿರುವುದಿಲ್ಲ. ಕಾರು ತಂದವರು ಮುಖ್ಯ ರಸ್ತೆಯಲ್ಲೇ ನಿಲ್ಲಿಸಿ ನಡೆಯುವುದು ಒಳ್ಳೆಯದು, ಮಣ್ಣಿನ ರಸ್ತೆಯ ಒಂದು ಕಡೆ ಚರಂಡಿ ಬಾಯಿ ತೆರೆದಿದೆ. ಹಲಗೆಯೊಂದು ಇನ್ನೂ ವಾಲುತ್ತದೆ. ಮೊಟ್ಟೆ ತೆಗೆಯುವಾಗ ಎಡಗೈಯಿಂದ ಹಲಗೆ ಹಿಡಿದುಕೊಳ್ಳಿ. ನಗರದಿಂದ ಬಂದು ಡಬ್ಬಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ದುಡ್ಡು ಹಾಕಿಸಿ ವಿಡಿಯೊ ಮಾಡುವವರಿಗೆ ನನ್ನದೊಂದು ಬೇಡಿಕೆ: ದಯವಿಟ್ಟು ಮಾಡಬೇಡಿ. ತೋಟದಮ್ಮ ತೆಗೆದುಹಾಕಿದ ಫೋಟೋವನ್ನು ನೀವು ಮತ್ತೆ ತೂಗುಹಾಕಿದಂತಾಗುತ್ತದೆ. ಮಗುವಿನ ಕೈಗೆ ಚಿಲ್ಲರೆ ಕೊಟ್ಟು, ನೀವು ತೆಂಗಿನ ಮರ ನೋಡುತ್ತ ಆಚೆ ನಿಲ್ಲಿ.

ಹಳೆಯ ಪುಸ್ತಕ ಕಳೆದ ತಿಂಗಳು ತುಂಬಿತು. ಹೊಸದನ್ನು ಕಟ್ಟಿದ್ದಾರೆ, ಹಳೆಯದನ್ನು ಏನು ಮಾಡಿದಿರಿ ಎಂದು ಕೇಳಿದೆ. ಗೀಟು ಬೀಳದ ಸಾಲುಗಳನ್ನು ಹೊಸ ಪುಸ್ತಕದ ಮೊದಲ ಪುಟಕ್ಕೆ ಇಳಿಸಿಕೊಂಡು, ಉಳಿದದ್ದನ್ನು ಬಚ್ಚಲ ಒಲೆಗೆ ಹಾಕಿದರಂತೆ. ಆ ಮೊದಲ ಪುಟದಲ್ಲಿ ಹನ್ನೊಂದು ಸಾಲುಗಳಿವೆ. ಎಂಟನೆಯದು ನನ್ನದು: ರಸಬಾಳೆ, ಬಾಕಿ 8 ರೂ. ಅಂದು ಚಿಲ್ಲರೆ ಇರಲಿಲ್ಲ, ಆಮೇಲೆ ಮರೆತಿದ್ದೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.